ಕಾಡಿನ ಒಂದು ಹಿಡಿ ಮಣ್ಣನ್ನು ಡಿಎನ್‌ಎ ಸೀಕ್ವೆನ್ಸಿಂಗ್‌ಗೆ ಕೊಟ್ಟರೆ ಅದರಲ್ಲಿರುವ ಶಿಲೀಂಧ್ರಗಳೆಲ್ಲ ಗೊತ್ತಾಗುತ್ತವಾ?

ನೀವು ಕೇಳಿರುವುದು ಇಷ್ಟು. ಎಂಎಸ್ಸಿ ಪ್ರಾಜೆಕ್ಟಿಗೆ ಸಾಗರದ ಕಡೆಯ ಕಾನು (ದಟ್ಟ ಕಾಡು) ಮತ್ತು ಪಕ್ಕದ ಅಡಿಕೆ ತೋಟದ ಮಣ್ಣು ತೆಗೆದು ಸೀಕ್ವೆನ್ಸಿಂಗ್‌ಗೆ, ಅಂದರೆ ಡಿಎನ್‌ಎಯ ಅಕ್ಷರಗಳನ್ನು ಓದಿಸಲಿಕ್ಕೆ, ಕಳಿಸಿದರೆ ಅಲ್ಲಿರುವ ಎಲ್ಲ ಶಿಲೀಂಧ್ರಗಳ ಪಟ್ಟಿ ಸಿಗುತ್ತದಾ, ಇನ್ನು ಮೈಕ್ರೋಸ್ಕೋಪ್ ಬೇಡವಾ ಅಂತ. ಪಟ್ಟಿ ಸಿಗುತ್ತದೆ. ‘ಎಲ್ಲ’ ಅನ್ನುವ ಮಾತು ಮಾತ್ರ ಬಿಟ್ಟುಬಿಡಿ.

ನಾನೂ ಇದೇ ಕೆಲಸ ಮಾಡಿದವನು, ತೀರ್ಥಹಳ್ಳಿ ಹತ್ತಿರದ ನಮ್ಮದೇ ತೋಟದಲ್ಲಿ. ಮೊದಲ ಸಲ ಫಲಿತಾಂಶ ಬಂದಾಗ ಲ್ಯಾಪ್‌ಟಾಪ್ ಮನೆಗೆ ತಂದು ಜಗಲಿಯಲ್ಲಿ ಅಪ್ಪನಿಗೆ ತೋರಿಸಿದೆ. ಬಣ್ಣಬಣ್ಣದ ಪಟ್ಟೆಗಳು, ನೂರಾರು ಹೆಸರುಗಳು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ ಕೇಳಿದ್ದು ಒಂದೇ: “ಇದ್ರಲ್ಲಿ ಕೊಳೆ ಯಾವ್ದು ಮಾರಾಯ?” ಹುಡುಕಿದೆ. ಇಲ್ಲ. ಆ ವರ್ಷ ನಮ್ಮ ಅರ್ಧ ಫಸಲು ಕೊಳೆರೋಗಕ್ಕೆ ಉದುರಿತ್ತು. ಅದೇ ಮರಗಳ ಬುಡದ ಮಣ್ಣನ್ನೇ ಕಳಿಸಿದ್ದೆ. ಆದರೂ ಆ ರೋಗ ತರುವ ಫೈಟಾಫ್ತೊರಾ ಸೊನ್ನೆ! “ಹಂಗಾರೆ ಇದೆಂಥ ಟೆಸ್ಟು” ಅಂತ ಅಪ್ಪ ಎದ್ದು ಹೋದರು.

ತಪ್ಪು ಟೆಸ್ಟಿನದಲ್ಲ, ನನ್ನದು. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ವಿವರವಾಗಿ ಬರೆದಿದ್ದರು. ಅದಕ್ಕೆ ಕಾರಣ ಫೈಟಾಫ್ತೊರಾ. ನಾವೆಲ್ಲ ರೂಢಿಯಲ್ಲಿ ಅದನ್ನು ಶಿಲೀಂಧ್ರ ಅಂತಲೇ ಕರೆಯುತ್ತೇವೆ. ನಿಜಕ್ಕೆ ಅದು ಊಮೈಸೀಟ್, ಸಮುದ್ರದ ಕಂದು ಪಾಚಿಗಳ ಕಡೆಯ ನೆಂಟ. ನಾನು ಬಳಸಿದ್ದು ಐಟಿಎಸ್1ಎಫ್ ಅನ್ನುವ ಪ್ರೈಮರ್. ಪ್ರೈಮರ್ ಅಂದರೆ ಡಿಎನ್‌ಎಯಲ್ಲಿ ನಕಲು ಎಲ್ಲಿಂದ ಶುರುವಾಗಬೇಕು ಅಂತ ಗುರುತು ಹಿಡಿಯುವ ಪುಟ್ಟ ತುಣುಕು. ಇದನ್ನು ಮಾಡಿರುವುದೇ ನಿಜವಾದ ಶಿಲೀಂಧ್ರಗಳನ್ನು ಆರಿಸಿ ಹಿಡಿಯಲಿಕ್ಕೆ. ಫೈಟಾಫ್ತೊರಾ ಮಣ್ಣಲ್ಲಿ ಎಷ್ಟೇ ಇದ್ದರೂ ಇದಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೆ ಬೇರೆ ಪ್ರೈಮರ್ ಬೇಕು. ಹಾಗಾಗಿ ಯಾವ ಪ್ರೈಮರ್ ಅಂತ ತೀರ್ಮಾನಿಸುವಾಗಲೇ ನಿಮಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅನ್ನುವುದೂ ತೀರ್ಮಾನ ಆಗಿಬಿಡುತ್ತದೆ.

ಐಟಿಎಸ್ ಯಾಕೆ ಅಂತ ವೈವಾದಲ್ಲಿ ಖಂಡಿತ ಕೇಳುತ್ತಾರೆ. ಅದು ರೈಬೋಸೋಮಿನ ಜೀನ್‌ಗಳ ನಡುವಿನ ತುಂಡು. ಉದ್ದ ಹೆಚ್ಚು ಕಡಿಮೆ 500-700 ಅಕ್ಷರ. ಜಾತಿಯಿಂದ ಜಾತಿಗೆ ಬದಲಾಗುತ್ತದೆ, ಅಕ್ಕಪಕ್ಕದ ಭಾಗಗಳು ಮಾತ್ರ ಹೆಚ್ಚು ಬದಲಾಗುವುದಿಲ್ಲ. ಅದಕ್ಕೇ ಪ್ರೈಮರ್ ಅಲ್ಲಿ ಸಲೀಸಾಗಿ ಕೂರುತ್ತದೆ. 2012ರಲ್ಲಿ ಇದನ್ನೇ ಶಿಲೀಂಧ್ರಗಳ ಬಾರ್‌ಕೋಡ್ ಅಂತ ಒಪ್ಪಿಕೊಂಡರು. ಇನ್ನೊಂದು ಅನುಕೂಲ, ಒಂದೇ ಜೀನೋಮಿನಲ್ಲಿ ಇದರ ಪ್ರತಿಗಳು ಬಹಳ ಇರುತ್ತವೆ. ತೊಂದರೆಯೂ ಅದೇ. ಒಂದು ಜಾತಿಯಲ್ಲಿ ಹತ್ತಿಪ್ಪತ್ತು ಪ್ರತಿ ಇದ್ದರೆ ಇನ್ನೊಂದರಲ್ಲಿ ಸಾವಿರದ ಮೇಲೆ. ಯಾವುದರ ರೀಡ್ (ಯಂತ್ರ ಓದಿದ ಡಿಎನ್‌ಎ ತುಣುಕು) ಜಾಸ್ತಿ ಬಂತೋ ಅದೇ ಮಣ್ಣಲ್ಲಿ ಜಾಸ್ತಿ ಇದೆ ಅಂತ ಬರೆದರೆ ಸಿಕ್ಕಿಬೀಳುತ್ತೀರಿ. ಸತ್ತ ಶಿಲೀಂಧ್ರದ ಡಿಎನ್‌ಎ ಕೂಡ ಮಣ್ಣಲ್ಲಿ ಉಳಿದಿರುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ.

ಈ ವಿಧಾನದ ಸೊಗಸು ನಿಜವಾಗಿ ಅರ್ಥವಾಗಬೇಕಾದರೆ ಹುತ್ತದ ಅಣಬೆ ನೆನಪು ಮಾಡಿಕೊಳ್ಳಿ. ನಮ್ಮ ಕಣ್ಣಿಗೆ ಅದು ಮಳೆಗಾಲದ ನಾಲ್ಕು ದಿನದ ಅತಿಥಿ. ಸಿಕ್ಕಿದರೆ ಸಾರು, ಇಲ್ಲದಿದ್ದರೆ ಮುಂದಿನ ವರ್ಷ. ಆದರೆ ಗೆದ್ದಲುಗಳು ಅದನ್ನು ಗೂಡಿನೊಳಗೆ ವರ್ಷವಿಡೀ ಸಾಕುತ್ತಿರುತ್ತವೆ. ಅಣಬೆ ಏಳದ ಬೇಸಿಗೆಯಲ್ಲೂ ಗೂಡಿನಲ್ಲಿ ಅದರ ಡಿಎನ್‌ಎ ಸಿಗುತ್ತದೆ. ಅಣಬೆಯನ್ನೇ ಬಿಡದ, ಲ್ಯಾಬಿನ ಪ್ಲೇಟಿನಲ್ಲಿ ಬೆಳೆಸಲೂ ಬಾರದ ಶಿಲೀಂಧ್ರಗಳು ಇನ್ನೆಷ್ಟೋ ಇವೆ. ಅವನ್ನು ಮೈಕ್ರೋಸ್ಕೋಪಿನಲ್ಲಿ ಎಲ್ಲಿ ಅಂತ ಹುಡುಕುತ್ತೀರಿ?

ಹಾಗಂತ ಮೈಕ್ರೋಸ್ಕೋಪ್ ಮೂಲೆಗೆ ಸೇರಿಸಬೇಡಿ. ಜಗತ್ತಿನಲ್ಲಿ 22ರಿಂದ 38 ಲಕ್ಷ ಜಾತಿ ಶಿಲೀಂಧ್ರಗಳು ಇರಬಹುದು ಅಂತ 2017ರ ಒಂದು ಅಂದಾಜು. ಹೆಸರಿಟ್ಟಿರುವುದು ಸುಮಾರು ಒಂದೂವರೆ ಲಕ್ಷ ಅಷ್ಟೇ. ನಿಮ್ಮ ಸೀಕ್ವೆನ್ಸನ್ನು ಹೋಲಿಸಿ ನೋಡುವುದು ಯುನೈಟ್‌ನಂಥ ಡೇಟಾಬೇಸಿನ ಜೊತೆ. ಯಾರೋ ಅಣಬೆ ಕಿತ್ತು, ಒಣಗಿಸಿ, ಹೆಸರು ಪತ್ತೆ ಮಾಡಿ, ಸೀಕ್ವೆನ್ಸ್ ಹಾಕಿದ್ದರೆ ನಿಮಗೂ ಹೆಸರು ಸಿಗುತ್ತದೆ. ಇಲ್ಲದಿದ್ದರೆ ‘ಗುರುತಿಸದ ಶಿಲೀಂಧ್ರ’. ನನ್ನ ಪಟ್ಟಿಯಲ್ಲಿ ಅಂಥವು ಸಾಲು ಸಾಲಾಗಿ ಇದ್ದವು. ಅದಕ್ಕೇ ಮಣ್ಣು ತೆಗೆಯುವ ಜಾಗದಲ್ಲಿ ಕಂಡ ಅಣಬೆಗಳ ಫೋಟೋ ತೆಗೆದು, ಒಣಗಿಸಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ.

ಹೆಸರು ಸಿಕ್ಕ ಕೂಡಲೇ ನಂಬುವ ಹಾಗೂ ಇಲ್ಲ. ಈಗ ಮಲೆನಾಡಿನ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕಿ ರೋಗದಲ್ಲಿ ಸಿಗುವ ಕೊಲೆಟೋಟ್ರೈಕಮ್ ಅನ್ನುವ ಶಿಲೀಂಧ್ರ ನೋಡಿ. ಅದರ ಹತ್ತಿರದ ಜಾತಿಗಳನ್ನು ಬೇರೆ ಮಾಡಲಿಕ್ಕೆ ಐಟಿಎಸ್ ಒಂದೇ ಸಾಲದು. ಇನ್ನೂ ಕೆಲವು ಜೀನ್ ಓದಬೇಕು.

ಇನ್ನು ನಮ್ಮ ಕಡೆಯದೇ ಕಷ್ಟಗಳು. ಒಮ್ಮೆ ಜುಲೈನಲ್ಲಿ ಮಣ್ಣು ತಂದು ಮನೆಯ ಫ್ರಿಜ್‌ನಲ್ಲಿಟ್ಟೆ. ಗಾಳಿ ಮಳೆಗೆ ಲೈನ್ ಮೇಲೆ ಮರ ಬಿತ್ತು, ಮೂರು ದಿನ ಕರೆಂಟ್ ಇಲ್ಲ. ಚೀಲದೊಳಗೆ ಬೂಸ್ಟು ಬಂದಿತ್ತು. ಆಸೆ ಬಿಡದೆ ಹಾಗೇ ಕಳಿಸಿದೆ. ಬಂದ ಪಟ್ಟಿಯ ತುಂಬಾ ಪೆನಿಸಿಲಿಯಮ್ ಅನ್ನುವ ಬೂಸ್ಟು. ಅದು ಕಾಡಿನ ವೈವಿಧ್ಯ ಅಲ್ಲ, ನಮ್ಮನೆ ಫ್ರಿಜ್ಜಿನದು! ಐಸ್ ಬಾಕ್ಸಿನಲ್ಲಿಟ್ಟು ಅದೇ ದಿನ ಲ್ಯಾಬಿಗೆ ಮುಟ್ಟಿಸಿ. ಕಾನಿನ ಕಪ್ಪು ಮಣ್ಣಿನಲ್ಲಿ ಹ್ಯೂಮಿಕ್ ಆಮ್ಲ ಜಾಸ್ತಿ, ಅದು ಪಿಸಿಆರ್ ಅನ್ನೇ, ಅಂದರೆ ಡಿಎನ್‌ಎ ನಕಲು ಮಾಡುವ ಹಂತವನ್ನೇ, ತಡೆಯುತ್ತದೆ. ಮಣ್ಣಿಗೆಂದೇ ಮಾಡಿರುವ ಕಿಟ್ ಬಳಸಿ, ಆಮೇಲೂ ಪಿಸಿಆರ್ ಆಗದಿದ್ದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ನೋಡಿ. ಮಣ್ಣೇ ಹಾಕದ ಒಂದು ಖಾಲಿ ಟ್ಯೂಬನ್ನೂ ಎಲ್ಲ ಹಂತ ದಾಟಿಸಿ ಸೀಕ್ವೆನ್ಸಿಂಗ್‌ಗೆ ಕಳಿಸಿ. ಹೊರಗಿನಿಂದ ಏನೇನು ಸೇರಿಕೊಂಡಿದೆ ಅಂತ ಅದರಿಂದಲೇ ಗೊತ್ತಾಗುವುದು. ದುಡ್ಡು ದಂಡ ಅನ್ನಿಸುತ್ತದೆ. ನನ್ನ ಖಾಲಿ ಟ್ಯೂಬಿನಲ್ಲೂ ಶಿಲೀಂಧ್ರ ಬಂದಿತ್ತು ಅಂದರೆ ನಂಬುತ್ತೀರಾ?

ನಿಮ್ಮ ಜಾಗದಲ್ಲಿ ನಾನಿದ್ದರೆ ‘ಎಲ್ಲ’ದರ ಪಟ್ಟಿಗೆ ಕೈ ಹಾಕುವುದಿಲ್ಲ. ವರ್ಷ ವರ್ಷ ಮೈಲುತುತ್ತ ಸುಣ್ಣದ ಔಷಧಿ ಬೀಳುವ ತೋಟದ ಮಣ್ಣು, ಅದು ಬೀಳದ ಕಾನಿನ ಮಣ್ಣು, ಇವೆರಡರಲ್ಲಿ ಏನು ವ್ಯತ್ಯಾಸ ಅಂತ ಕೇಳುತ್ತೇನೆ. ಒಂದೇ ಆಳ, ಒಂದೇ ವಾರ, ಒಂದೊಂದು ಕಡೆ ಐದಾರು ಜಾಗ. ಮಳೆಗೆ ಮೊದಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ. ಆಗಸ್ಟ್‌ನಲ್ಲಿ ಉಂಬಳ ಹತ್ತುತ್ತವೆ, ಉಪ್ಪು ಇಟ್ಟುಕೊಳ್ಳಿ. ಆ ಉಪ್ಪಿನ ಕೈಯಲ್ಲಿ ಮಾತ್ರ ಸ್ಯಾಂಪಲ್ ಮುಟ್ಟಬೇಡಿ.