ಹುತ್ತ ಬಿಟ್ಟು ಬಂದ ಮರಿ

ಪ್ರಶ್ನೆ: ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ. 13 ವರ್ಷದ ಮಗ ಹಟ ಹಿಡಿದು ಒಂದು ಬಾಲ್ ಪೈಥಾನ್ (ಸಣ್ಣ ಜಾತಿಯ ಹೆಬ್ಬಾವು) ಮರಿ ತಂದುಕೊಂಡಿದ್ದಾನೆ. ಮೂರು ತಿಂಗಳ ಮರಿ, ತೂಕ 90 ಗ್ರಾಂ. ಬಂದು ಮೂರು ವಾರ ಆಯ್ತು, ಏನೂ ತಿಂದಿಲ್ಲ. ಒಮ್ಮೆ ಜೀವಂತ ಇಲಿಮರಿ ಬಿಟ್ಟೆವು, ಹೆದರಿ ಮೂಲೆ ಸೇರಿತು. ದೊಡ್ಡ ಗಾಜಿನ ತೊಟ್ಟಿ, ಮೇಲೊಂದು ಬಲ್ಬ್, ನೀರಿನ ಬಟ್ಟಲು ಎಲ್ಲ ಇದೆ. ದಿನಾ ಸಂಜೆ ಮಗ ಮತ್ತು ಅವನ ಗೆಳೆಯರು ಅದನ್ನು ಕೈಯಲ್ಲಿ ಹಿಡಿದು ಕೂರುತ್ತಾರೆ. ನಮ್ಮದು ಸಸ್ಯಾಹಾರಿ ಮನೆ, ಫ್ರಿಜ್‌ನಲ್ಲಿ ಇಲಿ ಇಡಲು ಮನಸ್ಸು ಒಪ್ಪುತ್ತಿಲ್ಲ. ಊರಿಂದ ಬಂದಿರುವ ಅತ್ತೆ, ಸ್ವಲ್ಪ ಹಾಲಾದರೂ ಇಡು ಅನ್ನುತ್ತಾರೆ. ಮರಿ ಸತ್ತುಹೋಗುತ್ತಾ?

ಉತ್ತರ: ಗಾಬರಿ ಬೇಡ. ತೂಕ ಇಳಿಯದಿದ್ದರೆ ಮೂರು ವಾರದ ಉಪವಾಸ ಈ ಜಾತಿಗೆ ದೊಡ್ಡದಲ್ಲ. ಆದರೆ ನಿಮ್ಮ ಪತ್ರ ಓದಿದರೆ ತೊಂದರೆ ಊಟದ್ದಲ್ಲ ಅನಿಸುತ್ತದೆ. ಮರಿ ಹೆದರಿದೆ. ಹೆದರಿದ ಹಾವು ತಿನ್ನುವುದಿಲ್ಲ. ಮೊದಲು ಮನೆ ಸರಿ ಮಾಡಿ.

ಇದರ ಮೂಲ ಊರು ಪಶ್ಚಿಮ ಆಫ್ರಿಕಾ. ಘಾನಾ, ಟೋಗೋ, ಬೆನಿನ್ ಕಡೆಯ ಹುಲ್ಲುಗಾವಲುಗಳಲ್ಲಿ ಹಗಲೆಲ್ಲ ಇಲಿಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಮುದುಡಿಕೊಂಡಿದ್ದು, ಕತ್ತಲಾದ ಮೇಲೆ ಹೊರಗೆ ಬರುವ ಹಾವು ಇದು. ಹೌದು, ನಮ್ಮೂರಿನ ಹಾಗೆ ಹುತ್ತವೇ. ಭಯವಾದರೆ ತಲೆಯನ್ನು ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಬಾಲ್ ಅನ್ನುವ ಹೆಸರು ಅದರಿಂದಲೇ ಬಂದದ್ದು. ಅಂಥ ಪ್ರಾಣಿಯನ್ನು ನಾಲ್ಕೂ ಕಡೆ ಕಾಣುವ ಗಾಜಿನೊಳಗೆ ಬಲ್ಬಿನ ಕೆಳಗೆ ಕೂರಿಸಿದರೆ ಅದಕ್ಕೆ ಬಯಲಲ್ಲಿ ಬಿಟ್ಟಂತೆಯೇ ಅಲ್ವಾ?

ಹೊಸ ತೊಟ್ಟಿ ಕೊಳ್ಳಬೇಕಿಲ್ಲ. ಮೂರು ಬದಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ. ಒಳಗೆ ಎರಡು ಗೂಡು ಇಡಿ, ಒಂದು ಬೆಚ್ಚಗಿನ ತುದಿಯಲ್ಲಿ, ಒಂದು ತಂಪಿನ ತುದಿಯಲ್ಲಿ. ಒಂದೇ ಗೂಡಿದ್ದರೆ ಮರಿ ಅಡಗಿಕೊಳ್ಳುವುದಕ್ಕಾಗಿ ಬೇಕಾದ ಶಾಖವನ್ನೇ ಬಿಟ್ಟುಕೊಡುತ್ತದೆ. ಗೂಡು ದೊಡ್ಡದಿರಬಾರದು, ಸುತ್ತಿಕೊಂಡು ಕೂತಾಗ ಮೈ ಗೋಡೆಗೆ ತಾಗಬೇಕು. ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ, ಚೂಪಿಲ್ಲದಂತೆ ಬಾಗಿಲು ಕತ್ತರಿಸಿದರೂ ಆಯಿತು. ಉಳಿದ ಜಾಗದಲ್ಲಿ ಒಣ ಎಲೆ, ಪ್ಲಾಸ್ಟಿಕ್ ಗಿಡ ತುಂಬಿ. ಬೆಳೆದ ಮೇಲೆ ಅದಕ್ಕೆ ನಾಲ್ಕಡಿ ಉದ್ದ, ಎರಡಡಿ ಅಗಲದ ಮನೆ ಬೇಕು, ಆಗ ನಿಮ್ಮ ದೊಡ್ಡ ತೊಟ್ಟಿ ಬೇಕಾಗಬಹುದು.

ಶಾಖ ಬೆಚ್ಚಗಿನ ತುದಿಯಲ್ಲಿ 31ರಿಂದ 32 ಡಿಗ್ರಿ ಸೆಲ್ಸಿಯಸ್, ಅಂದರೆ ನಿಮ್ಮ ಲೆಕ್ಕದಲ್ಲಿ 88ರಿಂದ 90 ಫ್ಯಾರನ್‌ಹೀಟ್. ತಂಪಿನ ತುದಿ 26 ಡಿಗ್ರಿ ಆಸುಪಾಸು. ಬಲ್ಬ್ ಆಗಲಿ, ಕೆಳಗಿಡುವ ಹೀಟ್ ಮ್ಯಾಟ್ ಆಗಲಿ, ಶಾಖ ಮಿತಿ ಮೀರದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಇಲ್ಲದೆ ಹಾಕಲೇಬೇಡಿ. ಹಾವಿಗೆ ಹೊಟ್ಟೆ ಸುಡುತ್ತಿದ್ದರೂ ಎದ್ದು ಹೋಗಬೇಕೆಂದು ಅನಿಸದೇ ಇರಬಹುದು, ನೀವು ನೋಡುವ ಹೊತ್ತಿಗೆ ಗಾಯ ಆಗಿರುತ್ತದೆ. ಇನ್ನು ತೇವ. ಚಳಿಗಾಲದಲ್ಲಿ ನಿಮ್ಮ ಮನೆಯ ಹೀಟರ್ ಗಾಳಿಯನ್ನೆಲ್ಲ ಒಣಗಿಸುತ್ತದೆ, ಇದಕ್ಕೆ 60 ಪರ್ಸೆಂಟ್ ತೇವ ಬೇಕು. ನೆಲಕ್ಕೆ ತೆಂಗಿನ ಸಿಪ್ಪೆಯ ಚೂರು ಹಾಸಿ, ಮೇಲಿನ ಜಾಲರಿಯನ್ನು ಅರ್ಧ ಮುಚ್ಚಿ. ಸೀಡರ್, ಪೈನ್ ಮರದ ಹೊಟ್ಟು ಬೇಡ, ಅದರ ಎಣ್ಣೆ ಉಸಿರಾಟಕ್ಕೆ ಕೆಟ್ಟದ್ದು. ಕಣ್ಣು ನೀಲಿಯಾಗಿ ಮಸುಕಾದರೆ ಪೊರೆ ಬಿಡುವ ಕಾಲ ಬಂತೆಂದು ತಿಳಿಯಿರಿ. ಆಗ ತೇವ ಇನ್ನಷ್ಟು ಜಾಸ್ತಿ ಮಾಡಿ, ಊಟ ಕೊಡಲು ಒತ್ತಾಯ ಬೇಡ.

ಇಷ್ಟು ಮಾಡಿ ಒಂದು ವಾರ ಯಾರೂ ಮುಟ್ಟಬೇಡಿ. ಮಗನಿಗೆ ಇದು ಕಷ್ಟ, ಗೊತ್ತು. ಆದರೆ ಗೆಳೆಯರ ಕೈಯಿಂದ ಕೈಗೆ ದಾಟುವುದು ಮರಿಗೆ ಆಟವಲ್ಲ. ನೀರು ಬದಲಿಸಿ, ಅಷ್ಟೇ.

ಎಂಟನೆಯ ದಿನ ರಾತ್ರಿ ಊಟ. ಜೀವಂತ ಇಲಿ ಬೇಡ, ತಿನ್ನದೆ ಬಿಟ್ಟರೆ ಇಲಿಯೇ ಹಾವನ್ನು ಕಚ್ಚಿ ಗಾಯ ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಫ್ರೋಜನ್ ಇಲಿಮರಿ ತನ್ನಿ. ಹಾವಿನ ತೂಕದ ಹತ್ತರಿಂದ ಹದಿನೈದು ಪರ್ಸೆಂಟ್ ಅಂದರೆ ನಿಮ್ಮದಕ್ಕೆ 9ರಿಂದ 13 ಗ್ರಾಂ, ಇಲಿಮರಿಯ ದಪ್ಪ ಹಾವಿನ ಮೈಯ ದಪ್ಪವನ್ನು ಮೀರಬಾರದು. ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ ಕರಗಲು ಬಿಡಿ. ಕೊಡುವ ಮುಂಚೆ ಕವರಿನಲ್ಲಿ ಹಾಕಿ, ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಮುಳುಗಿಸಿ. ಮೈಕ್ರೋವೇವ್ ಬೇಡ. ಹಾವಿನ ತುಟಿಯ ಮೇಲಿರುವ ಸಣ್ಣ ಗುಳಿಗಳು ಶಾಖವನ್ನು ಗುರುತಿಸುತ್ತವೆ, ತಣ್ಣಗಿದ್ದರೆ ಅದಕ್ಕೆ ಬೇಟೆ ಅನಿಸುವುದೇ ಇಲ್ಲ. ದೀಪ ಆರಿಸಿ ಉದ್ದ ಚಿಮಟದಲ್ಲಿ ಹಿಡಿದು ಗೂಡಿನ ಬಾಗಿಲ ಬಳಿ ಮೆಲ್ಲಗೆ ಆಡಿಸಿ. ತಿಂದರೆ ಎರಡು ದಿನ ಮುಟ್ಟಬೇಡಿ, ಇಲ್ಲದಿದ್ದರೆ ಕಕ್ಕಿಬಿಡಬಹುದು. ತಿನ್ನದಿದ್ದರೆ ತೆಗೆದು ಬಿಸಾಡಿ, ಐದಾರು ದಿನ ಬಿಟ್ಟು ಮತ್ತೆ ನೋಡಿ. ಮಾರಿದವರನ್ನು ಕೇಳಿ, ಅಲ್ಲಿ ಏನು ತಿನ್ನುತ್ತಿತ್ತು, ಎಷ್ಟು ದಿನಕ್ಕೊಮ್ಮೆ ಅಂತ. ಎಷ್ಟೋ ಸಲ ಇದೊಂದೇ ಪ್ರಶ್ನೆಯಿಂದ ದಾರಿ ಸಿಗುತ್ತದೆ. ವಾರಕ್ಕೊಮ್ಮೆ ಅಡುಗೆಯದಲ್ಲದ ಬೇರೆ ತಕ್ಕಡಿಯಲ್ಲಿ ತೂಗಿ. 80 ಗ್ರಾಂಗಿಂತ ಕೆಳಗಿಳಿದರೆ, ಬಾಯಿ ತೆರೆದು ಉಸಿರಾಡಿದರೆ ಅಥವಾ ಮೂಗಿನಲ್ಲಿ ಗುಳ್ಳೆ ಕಂಡರೆ ಹಾವು ನೋಡುವ ಪಶುವೈದ್ಯರ ಹತ್ತಿರ ತಡಮಾಡದೆ ಹೋಗಿ.

ಅತ್ತೆಯವರಿಗೆ ಹೇಳಿ, ಹಾವು ಹಾಲನ್ನು ಜೀರ್ಣಿಸಿಕೊಳ್ಳಲಾರದು, ಅದಕ್ಕೆ ನೀರೇ ಸಾಕು. ನಿಮ್ಮ ಸಂಕಟವೂ ನಿಜವೇ. ಗ್ಯಾರೇಜಿನಲ್ಲಿ ಒಂದು ಪುಟ್ಟ ಬೇರೆ ಫ್ರೀಜರ್ ಇಟ್ಟು, ಆ ಕೆಲಸವೆಲ್ಲ ಮಗನದೇ ಎಂದು ಮಾತಾಡಿಕೊಂಡಿರುವ ಮನೆಗಳಿವೆ. ಪ್ರತಿ ಸಲವೂ ಅವನು ಸೋಪು ಹಾಕಿ ಕೈ ತೊಳೆಯಲಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇದೆ. ಒಂದು ಮಾತು ಮಾತ್ರ ಅವನನ್ನು ಕೂರಿಸಿಕೊಂಡು ಹೇಳಿ. ಇದು 20–30 ವರ್ಷ ಬದುಕುವ ಹಾವು. ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಹೆಣ್ಣು 2020ರಲ್ಲೂ ಮೊಟ್ಟೆ ಇಟ್ಟಿತು. ಅವನು ಕಾಲೇಜಿಗೆ ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಈಗಲೇ ಮನೆಯಲ್ಲಿ ತೀರ್ಮಾನವಾಗಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಒಬ್ಬರು ಬಾಲ್ ಪೈಥಾನ್ ಮಾರುತ್ತೇನೆ ಅನ್ನುತ್ತಿದ್ದಾರೆ, ಕಾಗದಪತ್ರ ಆಮೇಲೆ ಅಂತಾರೆ. ಕೊಳ್ಳಬಹುದಾ?

ಉತ್ತರ: ಬೇಡ. ಇದು ಸೈಟಿಸ್ ಅನ್ನುವ, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿರುವ ಪ್ರಾಣಿ. 2024ರ ನಿಯಮದ ಪ್ರಕಾರ ಇಂಥವನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್ ಸಿಕ್ಕಿದವು. ಅದೇ ಸಾಮಾನಿನಲ್ಲಿದ್ದ ಆರು ಕಪುಚಿನ್ ಮಂಗಗಳು ಸತ್ತಿದ್ದವು. ಕಾಗದ ಆಮೇಲೆ ಅನ್ನುವ ಮರಿ ಎಲ್ಲಿಂದ ಬಂದಿರಬಹುದು ಅಂತ ನೀವೇ ಯೋಚಿಸಿ. ನಮ್ಮ ಕಾಡಿನ ಹೆಬ್ಬಾವನ್ನಂತೂ ಮನೆಗೆ ತರುವ ಮಾತೇ ಇಲ್ಲ, ಅದು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಎಲ್ಲಾದರೂ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.