ಹೈಬ್ರಿಡ್ ಉಳ್ಳಾಗಡ್ಡಿಯ ಹೂವಿನಲ್ಲಿ ಬೀಜ ಯಾಕೆ ಕಟ್ಟಲಿಲ್ಲ

ಜತ್ತದ ಅಣ್ಣಾ, ನಿಮ್ಮ ಫೋಟೋ ನೋಡಿದೆ. ಹೋದ ವರ್ಷ ಹೈಬ್ರಿಡ್ ಉಳ್ಳಾಗಡ್ಡಿ ಚೆನ್ನಾಗಿ ಬಂತು, ಅದರಲ್ಲೇ ದಪ್ಪ ಗಡ್ಡೆ ಆರಿಸಿ ಬೀಜಕ್ಕೆಂದು 2 ಗುಂಟೆ ನೆಟ್ಟಿರಿ, ಹೂವೂ ಭರ್ತಿ ಆಯಿತು, ಈಗ ಹೂವಿನ ಉಂಡೆ ತಿಕ್ಕಿದರೆ ಬರೀ ಹೊಟ್ಟು. ಒಬ್ಬರು ಥ್ರಿಪ್ಸ್ ಹುಳು ಅಂದಿದ್ದಾರೆ, ಒಬ್ಬರು ಬೋರಾನ್ ಹೊಡೆಯಿರಿ ಅಂದಿದ್ದಾರೆ, ಮತ್ತೊಬ್ಬರು ಅಂಗಡಿಯವನ ಮೇಲೆ ಕೇಸ್ ಹಾಕಿ ಅಂದಿದ್ದಾರೆ. ಸ್ವಲ್ಪ ತಡೆಯಿರಿ.

ನನಗೂ ಇದೇ ಆಗಿತ್ತು. ಅಕ್ಕಲಕೋಟೆ ಹತ್ತಿರ ನಮ್ಮ ಬಾವಿ ಹೊಲದಲ್ಲಿ ಇಡೀ ತುಂಡು ಜೊಳ್ಳು, ಬದುವಿನ ಕಡೆಯ ಎರಡು ಸಾಲಿನಲ್ಲಿ ಮಾತ್ರ ಉಂಡೆಗೆ ಹತ್ತಿಪ್ಪತ್ತು ಕರಿ ಬೀಜ ಸಿಕ್ಕವು. ಬದುವಿನ ಆಚೆ ಕಾಕಾ ಊರ ತಳಿಯ ಗಡ್ಡೆ ನೆಟ್ಟಿದ್ದರು. ಅಲ್ಲಿಂದ ಜೇನು ಬಂದು ಕೂತಷ್ಟು ಕಡೆ ಬೀಜ, ಉಳಿದದ್ದೆಲ್ಲ ಖಾಲಿ. ಅಂದರೆ ನನ್ನ ಹೂವಿನಲ್ಲಿ ಹೆಣ್ಣು ಸರಿಯಾಗಿಯೇ ಇತ್ತು, ಗಂಡು ಇರಲಿಲ್ಲ.

ನೀವೂ ನೋಡಬಹುದು, ಫೋಟೋದಲ್ಲಿ ತಡವಾಗಿ ಅರಳಿದ ನಾಲ್ಕೈದು ಉಂಡೆ ಕಾಣುತ್ತವೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹೋಗಿ. ಒಂದು ಹೂವಿಗೆ ಆರು ಕೇಸರ, ಅಂದರೆ ಗಂಡು ಭಾಗ, ಇರುತ್ತವೆ, ಮೊದಲು ಮೂರು ಒಡೆಯುತ್ತವೆ, ಆಮೇಲೆ ಮೂರು. ಮೊಬೈಲಿನ ಕರಿ ಸ್ಕ್ರೀನ್ ಮೇಲೆ ಉಂಡೆ ಹಿಡಿದು ಮೆಲ್ಲಗೆ ತಟ್ಟಿ. ಸರಿ ಇರುವ ಗಿಡವಾದರೆ ಹಳದಿ ಧೂಳು, ಅಂದರೆ ಪರಾಗ, ಬೀಳುತ್ತದೆ. ಗೊಡ್ಡು ಗಿಡದಲ್ಲಿ ಕೇಸರದ ತುದಿ ಸುಕ್ಕಾಗಿ, ಬಿಳಿಚಿಕೊಂಡು ಇರುತ್ತದೆ, ಎಷ್ಟು ತಟ್ಟಿದರೂ ಏನೂ ಇಲ್ಲ. ಪಕ್ಕದ ಹೊಲದ್ದೊಂದು ಉಂಡೆ ತಂದು ಜೊತೆಗೆ ಹಿಡಿದು ನೋಡಿ, ಕಣ್ಣಿಗೇ ಗೊತ್ತಾಗುತ್ತದೆ. ಧೂಳು ಬಿದ್ದರೆ ನನ್ನ ಮಾತು ಬಿಡಿ, ಹೂವಿನ ಹೊತ್ತಿನಲ್ಲಿ ಔಷಧ ಹೊಡೆದು ಜೇನು ಓಡಿಸಿದ್ದೀರಾ ಅಂತ ಯೋಚಿಸಿ.

ಇದು ರೋಗ ಅಲ್ಲ, ಬೇಕಂತಲೇ ಇಟ್ಟ ಗುಣ. ಒಂದು ಉಂಡೆಯಲ್ಲಿ ನೂರಾರು ಹೂವು, ಒಂದು ಹೂವಿಗೆ ಹೆಚ್ಚೆಂದರೆ ಆರು ಬೀಜ. ಹೈಬ್ರಿಡ್ ಅಂದರೆ ಒಂದು ತಳಿಯ ಹೂವಿಗೆ ಇನ್ನೊಂದರ ಪರಾಗ ಕೂಡಿಸಿದ್ದು, ಅದಕ್ಕೆ ಕೈಯಿಂದ ಕೇಸರ ಕೀಳುತ್ತಾ ಕೂತರೆ ಬೀಜದ ಬೆಲೆ ಬಂಗಾರ ಆಗುತ್ತದೆ. ಹಾಗಾಗಿ ಪರಾಗವೇ ಬಿಡದ ತಾಯಿ ಸಾಲು, ಅಂದರೆ ತಾಯಿ ತಳಿ, ಬೇಕು. 1925ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಜೋನ್ಸ್ ಅನ್ನುವವರಿಗೆ ಇಟಾಲಿಯನ್ ರೆಡ್ ತಳಿಯಲ್ಲಿ ಇಂಥದ್ದೊಂದು ಗಿಡ ಸಿಕ್ಕಿತು. ಅದರಷ್ಟಕ್ಕೇ ಬೀಜ ಕಟ್ಟಲಿಲ್ಲ, ಆದರೆ ಹೂವಿನ ಉಂಡೆಯ ಮೇಲೇ ಸಣ್ಣ ಮರಿಗಡ್ಡೆ ಬಿಟ್ಟಿತ್ತು. ಆ ಮರಿ ನೆಟ್ಟೇ ಅದನ್ನು ಉಳಿಸಿಕೊಂಡರು. ಮರಿ ಬಿಡದೆ ಇದ್ದಿದ್ದರೆ ಆ ಗಿಡ ಅಲ್ಲಿಗೇ ಮುಗಿಯುತ್ತಿತ್ತು!

ಈ ಗೊಡ್ಡುತನ ಎರಡು ಕಡೆಯಿಂದ ಸೇರಿ ಆಗುವ ಕೆಲಸ. ಜೀವಕೋಶದ ಒಳಗೆ ಮೈಟೊಕಾಂಡ್ರಿಯಾ ಇದೆಯಲ್ಲ, ಅದು ತಾಯಿಯಿಂದ ಮಾತ್ರ ಬರುತ್ತದೆ. ದೋಷ ಇರುವುದು ಅಲ್ಲಿ. ಕೋಶದ ನಡುವಿನ ಕೇಂದ್ರದಲ್ಲಿ, ಅಂದರೆ ತಂದೆ ತಾಯಿ ಇಬ್ಬರ ಜೀನ್ ಇರುವ ಕಡೆ, ಆ ದೋಷ ಸರಿಪಡಿಸುವ ಜೀನ್ ಒಂದಾದರೂ ಇದ್ದರೆ ಪರಾಗ ಬರುತ್ತದೆ. ಇಲ್ಲದಿದ್ದರೆ ಗೊಡ್ಡು. ತಾಯಿ ಸಾಲನ್ನು ವರ್ಷ ವರ್ಷ ಬೆಳೆಸಲು ಅದರದೇ ಅವಳಿಯಂಥ ಇನ್ನೊಂದು ಸಾಲು ಇಟ್ಟಿರುತ್ತಾರೆ, ಅದರ ಮೈಟೊಕಾಂಡ್ರಿಯಾ ಸರಿ ಇರುತ್ತದೆ, ಸರಿಪಡಿಸುವ ಜೀನ್ ಮಾತ್ರ ಇರುವುದಿಲ್ಲ.

ಈಗ ನಿಮ್ಮ ಗಡ್ಡೆಗೆ ಬರೋಣ. ಪಾಕೀಟಿನ ಹೈಬ್ರಿಡ್ ಬೀಜ ಹುಟ್ಟುವುದು ಆ ತಾಯಿ ಸಾಲಿನ ಹೂವಿನಲ್ಲೇ, ಹಾಗಾಗಿ ದೋಷ ಅದಕ್ಕೂ ಬರುತ್ತದೆ, ಸರಿಪಡಿಸುವ ಜೀನ್ ಗಂಡು ಸಾಲಿನಿಂದ ಬರಬೇಕು. ಜೋಳದಲ್ಲಿ ನಮಗೆ ಬೇಕಾದದ್ದು ಕಾಳು, ಹಾಗಾಗಿ ನಮ್ಮ ದೇಶದ ಮೊದಲ ಹೈಬ್ರಿಡ್ ಜೋಳ, 1964ರ ಸಿಎಸ್‌ಎಚ್-1 ಇಂದ ಹಿಡಿದು ಹೈಬ್ರಿಡ್ ಜೋಳದ ಗಂಡು ಸಾಲಿನಲ್ಲಿ ಆ ಸರಿಪಡಿಸುವ ಜೀನ್ ಇರಲೇಬೇಕು. ಅದರ ಕಾಳು ಬಿತ್ತಿದರೆ ಲೆಕ್ಕಕ್ಕೆ ನಾಲ್ಕರಲ್ಲಿ ಒಂದು ಗಿಡ ಗೊಡ್ಡು ಬಂದರೂ ಪಕ್ಕದ ಗಿಡದ ಪರಾಗದಿಂದ ತೆನೆ ತುಂಬುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಉಳ್ಳಾಗಡ್ಡಿಯಲ್ಲಿ ನಾವು ಮಾರುವುದು ಗಡ್ಡೆ. ಹೂವು ಬರುವ ಮೊದಲೇ ಕೀಳುತ್ತೇವೆ, ಅಲ್ವಾ? ಆ ಜೀನ್ ಇಲ್ಲದಿದ್ದರೂ ಕಂಪನಿಗೆ ನಷ್ಟ ಇಲ್ಲ, ನಮಗೂ ಇಲ್ಲ, ಬೀಜಕ್ಕೆ ಇಡುವವರೆಗೆ. ಹೈಬ್ರಿಡ್ ಎಲ್ಲವೂ ಹೀಗೇ ಅಂತಲ್ಲ, ಕೆಲವು ಬೀಜ ಕೊಡುತ್ತವೆ. ಕೊಟ್ಟರೂ ಮುಂದಿನ ಬೆಳೆಯಲ್ಲಿ ಒಂದು ಗಡ್ಡೆ ಚಪ್ಪಟೆ, ಒಂದು ಉದ್ದ. ಹೈಬ್ರಿಡ್ ಅಲ್ಲದ ಮಾಲದಂಡಿ ಜೋಳದ ಬೀಜ ಮನೆಯಲ್ಲೇ ಇಟ್ಟು ರೂಢಿ ಆದವರು ನಾವು, ಉಳ್ಳಾಗಡ್ಡಿಯೂ ಹಾಗೇ ಅಂದುಕೊಳ್ಳುತ್ತೇವೆ.

ಈ ವರ್ಷ ಆ 2 ಗುಂಟೆ ಕಿತ್ತು ಹಾಕಿ, ಸುಮ್ನೆ ನೀರು ದಂಡ. ಬದುವಿನ ಕಡೆ ನಾಲ್ಕು ಬೀಜ ಸಿಕ್ಕರೂ ಇಡಬೇಡಿ, ತಾಯಿಯ ದೋಷ ಅದರೊಳಗೇ ಇರುತ್ತದೆ. ಬೀಜ ಮನೆಯದೇ ಬೇಕಂದರೆ ಹಿಂಗಾರಿಗೆ ಎನ್-2-4-1 ಅಥವಾ ಭೀಮಾ ಶಕ್ತಿ ತಳಿ ಬೆಳೆಯಿರಿ, ಎರಡೂ ಹೈಬ್ರಿಡ್ ಅಲ್ಲ. ಒಂದೇ ಗಾತ್ರದ, ಒಂದೇ ಬಣ್ಣದ, ಕತ್ತು ಸಣ್ಣ ಇರುವ ಗಡ್ಡೆ ಆರಿಸಿ. ಮುಂದಿನ ದೀಪಾವಳಿ ಆಸುಪಾಸು ಅವನ್ನು ಬೀಜಕ್ಕೆ ನೆಡಿ, ಬೇರೆ ತಳಿಯ ಹೂವಿನಿಂದ ಅರ್ಧ ಕಿಲೋಮೀಟರ್ ಆದರೂ ದೂರ ಇರಲಿ.

ಅಂಗಡಿಯವನ ವಿಷಯ: ಪಾಕೀಟಿನ ಮೇಲೆ ಹೈಬ್ರಿಡ್ ಅಥವಾ ಎಫ್-1 (ಅದೂ ಹೈಬ್ರಿಡ್ಡೇ) ಅಂತ ಇದ್ದರೆ ಅವನು ಮೋಸ ಮಾಡಿಲ್ಲ. ಸುಧಾರಿತ ತಳಿ, ಅಂದರೆ ಹೈಬ್ರಿಡ್ ಅಲ್ಲದ್ದು, ಅಂತ ಬರೆದು ಹೀಗಾಗಿದ್ದರೆ ಮಾತು ಬೇರೆ. ಪಾಕೀಟು ಎಸೆದಿಲ್ಲದಿದ್ದರೆ ಹಿಂದಿನ ಬದಿಯ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.