ಚೊಚ್ಚಲ ಹೆರಿಗೆ: ನೋವು ಶುರುವಾದ ಕೂಡಲೇ ಆಸ್ಪತ್ರೆಗೆ ದಾಖಲಾಗಬೇಕೇ?

ನಿಮಗೀಗ 38ನೆಯ ವಾರ. ಡ್ರಿಪ್ (ನೋವನ್ನು ಚುರುಕುಗೊಳಿಸಲು ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ ಔಷಧ) ಮತ್ತು ಎಪಿಡ್ಯೂರಲ್ (ಬೆನ್ನಿಗೆ ಕೊಡುವ ನೋವುನಿವಾರಕ ಚುಚ್ಚುಮದ್ದು) ಇಲ್ಲದೆ ಸಹಜವಾಗಿ ಹೆರಬೇಕೆಂಬ ಆಸೆ ಇದೆ, ಔಷಧವೇ ಇಲ್ಲದ ಹೆರಿಗೆ ಮಾತ್ರ ಸಹಜ ಎಂದಿದ್ದೀರಿ. ಅದಕ್ಕಾಗಿ ಮೊದಲ ನೋವು ಕಾಣಿಸಿಕೊಂಡ ಕೂಡಲೇ ದಾಖಲಾಗುತ್ತೇನೆ, ನೋವನ್ನು ತಾಳಿಕೊಳ್ಳಲು ಯಾವ ಉಸಿರಾಟದ ಕ್ರಮ ಕಲಿಯಲಿ ಎಂದು ಕೇಳಿದ್ದೀರಿ. ಮೊದಲ ಬಸಿರಿನಲ್ಲಿ ನನ್ನದೂ ಇದೇ ಆಸೆ, ಇದೇ ಯೋಜನೆ. ಆ ಆಸೆಯನ್ನು ಕೆಡಿಸಿದ್ದು ಆ ಯೋಜನೆಯೇ ಎಂಬುದು ನನಗೆ ತಿಳಿದದ್ದು ಎರಡನೆಯ ಬಸಿರಿನ ಹೊತ್ತಿಗೆ.

ಒಂದು ಸಂಜೆ ಕೆಳಹೊಟ್ಟೆಯಲ್ಲಿ ಮುಟ್ಟಿನ ನೋವಿನಂಥ ಸೆಳೆತ ಶುರುವಾಯಿತು. ಒಮ್ಮೆ ಹತ್ತು ನಿಮಿಷಕ್ಕೆ, ಇನ್ನೊಮ್ಮೆ ಇಪ್ಪತ್ತು ನಿಮಿಷಕ್ಕೆ ಬರುತ್ತಿತ್ತು. ಸೆಳೆತ ಇರುವಾಗಲೂ ನಾನು ಮಾತನಾಡಬಲ್ಲವಳಾಗಿದ್ದೆ. ಆದರೂ ಮೊದಲೇ ಸಿದ್ಧಪಡಿಸಿಟ್ಟಿದ್ದ ಚೀಲವನ್ನು ಹಿಡಿದು ಹೊರಟೆವು. ಒಳಪರೀಕ್ಷೆ ಮಾಡಿದ ವೈದ್ಯೆ ಗರ್ಭಕಂಠ (ಗರ್ಭಕೋಶದ ಬಾಯಿ) 2 ಸೆಂ.ಮೀ. ತೆರೆದಿದೆ, ಮಗುವಿನ ಎದೆಬಡಿತ ಚೆನ್ನಾಗಿದೆ, ಬೇಕಾದರೆ ಮನೆಗೆ ಹೋಗಿ ನೋವು ಬಲವಾದ ಮೇಲೆ ಬರಬಹುದು ಎಂದರು. ನಾನು ಇಲ್ಲಿಯೇ ಇರುತ್ತೇನೆ ಎಂದೆ. ಆ ರಾತ್ರಿ ನಾನು ತೆಗೆದುಕೊಂಡ ನಿರ್ಧಾರ ಅದೊಂದೇ. ಮುಂದೆ ನಡೆದುದೆಲ್ಲ ಅದರ ಬೆನ್ನಿಗೇ ಬಂತು.

ಹೊಟ್ಟೆಗೆ ಎದೆಬಡಿತ ನೋಡುವ ಪಟ್ಟಿ ಕಟ್ಟಿದರು. ಪಟ್ಟಿ ಜಾರಬಾರದೆಂದು ನಾನು ಅಂಗಾತ ಮಲಗಿದೆ. ಹೊಸ ಜಾಗ, ಪ್ರಖರವಾದ ದೀಪ, ಪಕ್ಕದ ಮಂಚದವರ ಕೂಗು, ನನ್ನವರು ಯಾರೂ ಒಳಗಿಲ್ಲ. ನಿದ್ದೆ ಬರಲಿಲ್ಲ, ಏನನ್ನೂ ತಿನ್ನಲಿಲ್ಲ. ಬೆಳಗಾಗುವ ಹೊತ್ತಿಗೆ ನೋವು ಹೆಚ್ಚಾಗುವ ಬದಲು ಕಡಿಮೆಯಾಗಿತ್ತು, ನಾನು ಮಾತ್ರ ಪೂರಾ ದಣಿದಿದ್ದೆ. ಗರ್ಭಕಂಠ 3 ಸೆಂ.ಮೀ. ತೆರೆದಿತ್ತು. ಪ್ರಗತಿ ಸಾಲದು ಎಂಬ ಮಾತು ಬಂತು. ನೀರಿನ ಚೀಲವನ್ನು ಒಡೆದರು, ಡ್ರಿಪ್ ಹಾಕಿದರು. ಆಮೇಲಿನ ನೋವು ಅಲೆಯಾಗಿ ಏರಿ ಇಳಿಯುವ ನೋವಾಗಿರಲಿಲ್ಲ. ಒಂದು ಮುಗಿಯುವ ಮೊದಲೇ ಮತ್ತೊಂದು ಬರುತ್ತಿತ್ತು. ಎಪಿಡ್ಯೂರಲ್ ಕೊಡಿರೆಂದು ನಾನೇ ಬೇಡಿಕೊಂಡೆ. ಕೊನೆಗೆ ತಳ್ಳಲು ಶಕ್ತಿಯಿಲ್ಲದೆ, ಮಗುವಿನ ಎದೆಬಡಿತವೂ ಇಳಿಯತೊಡಗಿದ್ದರಿಂದ, ಮಗುವಿನ ತಲೆಗೆ ವ್ಯಾಕ್ಯೂಮ್ ಎಂಬ ಹೀರುಬಟ್ಟಲು ಹಚ್ಚಿ ಮಗುವನ್ನು ಹೊರತೆಗೆದರು. ಮಗು ಆರೋಗ್ಯವಾಗಿತ್ತು. ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ಒಂದೊಂದು ಹೆಜ್ಜೆಯೂ ಆ ಕ್ಷಣಕ್ಕೆ ಬೇಕಾದದ್ದೇ ಆಗಿತ್ತು.

ಈಗ ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನನಗೆ ಆಗ ಯಾರೂ ಇದನ್ನು ಹೇಳಿರಲಿಲ್ಲ. ಹೆರಿಗೆ ಎಂದರೆ ಗರ್ಭಕಂಠ 10 ಸೆಂ.ಮೀ. ತೆರೆಯುವುದು ಎಂದಷ್ಟೇ ನಾನು ತಿಳಿದಿದ್ದೆ. ವಾಸ್ತವದಲ್ಲಿ ತೆರೆಯುವುದಕ್ಕೆ ಮುಂಚೆ ಅದಕ್ಕೆ ಬೇರೆ ಕೆಲಸಗಳಿವೆ. ಮೂಗಿನ ತುದಿಯಷ್ಟು ಗಟ್ಟಿಯಾಗಿರುವ ಗರ್ಭಕಂಠ ಮೆತ್ತಗಾಗಬೇಕು, ಗಿಡ್ಡವಾಗಿ ತೆಳುವಾಗಬೇಕು, ಹಿಂದಕ್ಕೆ ಮುಖಮಾಡಿರುವುದು ಮುಂದಕ್ಕೆ ತಿರುಗಬೇಕು. ಮೊದಮೊದಲ ಗಂಟೆಗಳ ನೋವುಗಳು ಮಾಡುವುದು ಈ ಕೆಲಸವನ್ನು. ಚೊಚ್ಚಲ ಹೆರಿಗೆಯಲ್ಲಿ ಈ ಹಂತ ಇಡೀ ಒಂದು ದಿನ ಹಿಡಿಯಬಹುದು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ನಡುವೆ ನಿಂತು ಮತ್ತೆ ಶುರುವಾಗಲೂಬಹುದು. ಸೆಂಟಿಮೀಟರಿನ ಲೆಕ್ಕದಲ್ಲಿ ನೋಡಿದರೆ ಏನೂ ನಡೆಯುತ್ತಿಲ್ಲವೆಂದು ಕಾಣುತ್ತದೆ, ಆದರೆ ನಡೆಯಬೇಕಾದುದು ನಡೆಯುತ್ತಲೇ ಇರುತ್ತದೆ.

1950ರ ದಶಕದಲ್ಲಿ ಅಮೆರಿಕದ ವೈದ್ಯ ಎಮ್ಯಾನುಯೆಲ್ ಫ್ರೀಡ್‌ಮನ್ ಸುಮಾರು 500 ಚೊಚ್ಚಲ ಹೆರಿಗೆಗಳ ಗತಿಯನ್ನು ನಕ್ಷೆಗೆ ಇಳಿಸಿದರು. ಗಂಟೆಗೆ 1 ಸೆಂ.ಮೀ. ತೆರೆಯಬೇಕೆಂಬ ಅಳತೆಯೊಂದು ಆಮೇಲಿನ ದಶಕಗಳಲ್ಲಿ ಹೆರಿಗೆ ಕೋಣೆಗಳಲ್ಲಿ ಬೇರೂರಿತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ಮಾರ್ಗಸೂಚಿ ಈ ಅಳತೆಯನ್ನು ಎಲ್ಲರಿಗೂ ಅನ್ವಯಿಸುವುದು ಸರಿಯಲ್ಲವೆಂದು ಹೇಳಿತು. ಅದರ ಪ್ರಕಾರ ಹೆರಿಗೆಯ ಸಕ್ರಿಯ ಹಂತ ಶುರುವಾಗುವುದೇ 5 ಸೆಂ.ಮೀ.ನಿಂದ. ಅಲ್ಲಿಂದ ಮುಂದೆ ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆ, ಮುಂದಿನ ಹೆರಿಗೆಗಳಲ್ಲಿ 10 ಗಂಟೆ ಮೀರುವುದಿಲ್ಲ. ತಾಯಿ ಮಗು ಚೆನ್ನಾಗಿರುವಾಗ 5 ಸೆಂ.ಮೀ.ಗಿಂತ ಮೊದಲು ಹೆರಿಗೆಯನ್ನು ಚುರುಕುಗೊಳಿಸಲು ಔಷಧ ಕೊಡುವುದು ಬೇಡವೆಂದೂ ಅದು ಹೇಳುತ್ತದೆ. ಅಂದರೆ ನಾನು ರಾತ್ರಿಯಿಡೀ ಹೆರಿಗೆ ಕೋಣೆಯಲ್ಲಿ ಮಲಗಿ ಸಕ್ರಿಯ ಹಂತಕ್ಕೆ ಇನ್ನೂ ಕಾಲಿಡದ ಹೆರಿಗೆಯನ್ನು ಗಡಿಯಾರದ ಮುಂದೆ ನಿಲ್ಲಿಸಿದ್ದೆ. ಮಂಚದ ಮೇಲೆ ಹೆಣ್ಣೊಬ್ಬಳು ಮಲಗಿದ್ದಾಳೆ ಎಂದ ಮೇಲೆ ಅವಳ ಪ್ರಗತಿಯನ್ನು ಅಳೆಯದೆ ಇರುವುದು ಆಸ್ಪತ್ರೆಗೆ ಕಷ್ಟ; ಅಳೆದ ಮೇಲೆ ಏನೂ ಮಾಡದೆ ಕಾಯುವುದು ಇನ್ನೂ ಕಷ್ಟ.

ಮುಂದಿನದು ಸರಪಳಿ. ನೋವು ತರುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಚೆನ್ನಾಗಿ ಹರಿಯಬೇಕಾದರೆ ತಾಯಿಗೆ ನೆಮ್ಮದಿ ಬೇಕು. ಭಯವಾದಾಗ ಏರುವ ಅಡ್ರಿನಲಿನ್ ಆರಂಭದ ಹಂತದಲ್ಲಿ ಹೆರಿಗೆಯನ್ನು ನಿಧಾನಗೊಳಿಸುತ್ತದೆ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಹಿಂದಿರುವ ದೊಡ್ಡ ರಕ್ತನಾಳಗಳನ್ನು ಒತ್ತುತ್ತದೆ, ಮಗುವಿಗೆ ಹೋಗುವ ರಕ್ತ ಕಡಿಮೆಯಾಗಬಹುದು. ಡ್ರಿಪ್‌ನಿಂದ ನೋವುಗಳು ಒತ್ತೊತ್ತಾಗಿ ಬಂದಾಗ ಮಗುವಿಗೆ ನಡುವೆ ಸಿಗುವ ಬಿಡುವು ಕಡಿಮೆಯಾಗುವುದರಿಂದ ಎದೆಬಡಿತವನ್ನು ಬಿಡದೆ ನೋಡುತ್ತಿರಬೇಕಾಗುತ್ತದೆ, ಹಾಗೆ ನೋಡಬೇಕೆಂದರೆ ತಾಯಿ ಬಹುಮಟ್ಟಿಗೆ ಮಂಚಕ್ಕೆ ಕಟ್ಟುಬೀಳುತ್ತಾಳೆ, ಮಂಚಕ್ಕೆ ಕಟ್ಟುಬಿದ್ದವಳಿಗೆ ನೋವು ಇಮ್ಮಡಿಯಾಗುತ್ತದೆ, ಆಗ ಹಲವರಿಗೆ ಎಪಿಡ್ಯೂರಲ್ ಬೇಕಾಗುತ್ತದೆ. ನೀವು ಯಾವುದು ಬೇಡವೆನ್ನುತ್ತಿದ್ದೀರೋ ಅದರತ್ತ ಹೋಗುವ ದಾರಿ ನೀವು ಸುರಕ್ಷಿತವೆಂದು ತಿಳಿದಿರುವ ಆ ಅವಸರದ ದಾಖಲಾತಿಯಿಂದಲೇ ಶುರುವಾಗುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ.

ಎರಡನೆಯ ಬಸಿರಿನಲ್ಲಿ ನೋವು ಶುರುವಾದಾಗ ನಾನು ಊಟ ಮಾಡಿ, ಬಿಸಿನೀರಿನ ಸ್ನಾನ ಮಾಡಿ, ದೀಪ ಆರಿಸಿ ಎಡಮಗ್ಗುಲಿಗೆ ಮಲಗಿ ನಿದ್ದೆ ಮಾಡಿದೆ. ಎದ್ದ ಮೇಲೆ ಮನೆಯೊಳಗೇ ಓಡಾಡಿದೆ, ನೋವು ಬಂದಾಗ ಗೋಡೆಗೆ ಕೈಕೊಟ್ಟು ಸೊಂಟ ತೂಗಿದೆ. ಮಗುವಿನ ಚಲನೆಯನ್ನು ಗಮನಿಸುತ್ತಿದ್ದೆ, ಆಸ್ಪತ್ರೆಗೆ ಕರೆ ಮಾಡಿ ವಿಷಯ ತಿಳಿಸಿಯೂ ಇದ್ದೆ. ನೋವು ಬಂದಾಗ ಮಾತನಾಡಲು ಆಗುತ್ತಿಲ್ಲ ಎಂದಾದಾಗ ಹೊರಟೆವು. ತಲುಪಿದಾಗ ಗರ್ಭಕಂಠ 6 ಸೆಂ.ಮೀ. ತೆರೆದಿತ್ತು. ಎರಡನೆಯ ಹೆರಿಗೆ ಹೇಗೂ ಬೇಗ ಆಗುತ್ತದೆ, ಎಲ್ಲ ಶ್ರೇಯಸ್ಸನ್ನೂ ನನ್ನ ತಾಳ್ಮೆಗೆ ಕೊಡಲಾರೆ. ಆದರೆ ಅಂದು ನಾನು ದಣಿದಿರಲಿಲ್ಲ, ಹೆದರಿರಲಿಲ್ಲ. ಡ್ರಿಪ್ ಬೇಕಾಗಲಿಲ್ಲ, ಮಂಡಿಯೂರಿ ಹೆತ್ತೆ.

ನೀವು ಕೇಳಿದ ಉಸಿರಾಟದ ಕ್ರಮಕ್ಕೆ ಬರುತ್ತೇನೆ. ಅದು ನೀವು ಅಂದುಕೊಂಡಷ್ಟು ದೊಡ್ಡ ವಿಷಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಧಾನವಾಗಿ ಒಳಗೆಳೆದು ಅದಕ್ಕಿಂತ ನಿಧಾನವಾಗಿ ಬಿಡಿ, ದವಡೆ ಮತ್ತು ಭುಜಗಳನ್ನು ಸಡಿಲ ಬಿಡಿ, ಇಷ್ಟು ಸಾಕು. ಅದಕ್ಕಿಂತ ಸಾವಿರ ಪಾಲು ಮುಖ್ಯವಾದದ್ದು ನಿಮ್ಮ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದು. 15,000ಕ್ಕೂ ಹೆಚ್ಚು ಮಹಿಳೆಯರು ಭಾಗವಹಿಸಿದ 26 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೊಂದಿದೆ. ಹೆರಿಗೆಯುದ್ದಕ್ಕೂ ಒಬ್ಬರ ನಿರಂತರ ಆಸರೆ ಇದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಹೆರಿಗೆಯ ಅವಧಿಯೂ ಕಡಿಮೆ ಎಂದು ಅದು ತೋರಿಸಿತು. ಎರಡನೆಯ ಸಲ ನನ್ನ ಅಕ್ಕ ಜೊತೆಗಿದ್ದಳು. ಅವಳು ಹೆಚ್ಚು ಮಾತನಾಡಲಿಲ್ಲ, ಸೊಂಟವನ್ನು ಅಂಗೈಯಿಂದ ಬಲವಾಗಿ ಒತ್ತುತ್ತಿದ್ದಳು, ನೀರು ಕುಡಿಸುತ್ತಿದ್ದಳು. ಯಾವ ಉಸಿರಾಟವೂ ಅದಕ್ಕೆ ಸಮನಲ್ಲ.

ಔಷಧವೇ ಇಲ್ಲದ ಹೆರಿಗೆ ಮಾತ್ರ ಸಹಜ ಎಂಬ ನಿಮ್ಮ ಮಾತನ್ನೂ ನಾನು ಒಪ್ಪುವುದಿಲ್ಲ. ಬಹಳ ದೀರ್ಘವಾದ ಹೆರಿಗೆಯಲ್ಲಿ ಎಪಿಡ್ಯೂರಲ್ ಪಡೆದು ಎರಡು ಗಂಟೆ ನಿದ್ದೆ ಮಾಡಿ, ಆಮೇಲೆ ತಾನೇ ತಳ್ಳಿ ಹೆರುವವರಿದ್ದಾರೆ. ಮಗು ಹುಟ್ಟಿದೊಡನೆ ತಾಯಿಗೆ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಖಂಡಿತ ಬೇಡವೆನ್ನಬೇಡಿ. ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವವನ್ನು ತಡೆಯುವುದು ಅದು. ಮಗುವಿಗೆ ಕೊಡುವ ವಿಟಮಿನ್ ಕೆಯನ್ನೂ ಬೇಡವೆನ್ನಬೇಡಿ.

ಮನೆಯಲ್ಲೇ ಕಾಯಿರಿ ಎಂಬ ನನ್ನ ಮಾತು ದಿನ ತುಂಬಿದ, ತಲೆ ಕೆಳಗಾಗಿರುವ ಒಂದೇ ಮಗುವಿರುವ, ಬೇರೆ ತೊಂದರೆಯಿಲ್ಲದ ಬಸಿರಿಗೆ ಮಾತ್ರ. ರಕ್ತದೊತ್ತಡ ಅಥವಾ ಮಧುಮೇಹ ಇದ್ದರೆ, ಹಿಂದೆ ಸಿಸೇರಿಯನ್ ಆಗಿದ್ದರೆ, ಆಸ್ಪತ್ರೆ ದೂರವಿದ್ದರೆ ನಿಮ್ಮ ವೈದ್ಯರು ಹೇಳಿದ ಹೊತ್ತಿಗೇ ಹೋಗಬೇಕು. ಮಗುವಿನ ಚಲನೆ ಕಡಿಮೆಯಾದರೆ, ರಕ್ತ ಹೋದರೆ, ಜ್ವರ ಬಂದರೆ, ತೀವ್ರವಾದ ತಲೆನೋವಿನೊಡನೆ ಕಣ್ಣು ಮಂಜಾದರೆ, ನೋವಿಗೂ ನೋವಿಗೂ ನಡುವೆ ಬಿಡುವೇ ಇಲ್ಲದೆ ಹೊಟ್ಟೆ ಗಟ್ಟಿಯಾಗಿಯೇ ಉಳಿದರೆ ಒಂದು ನಿಮಿಷವನ್ನೂ ಕಳೆಯದೆ ಹೊರಡಿ. ನೀರು ಒಡೆದರೆ ನೋವಿರಲಿ ಇಲ್ಲದಿರಲಿ ಆಸ್ಪತ್ರೆಗೆ ತಿಳಿಸಿ. ಆ ನೀರು ಹಸಿರು ಅಥವಾ ಕಂದು ಬಣ್ಣದ್ದಾಗಿದ್ದರೆ ತಕ್ಷಣ ಹೋಗಿ. ಇವು ಯಾವುವೂ ಇಲ್ಲದಿದ್ದರೆ ಐದು ನಿಮಿಷಕ್ಕೊಮ್ಮೆ, ಒಂದು ನಿಮಿಷ ಉಳಿಯುವ ನೋವು ಒಂದು ಗಂಟೆ ಕಾಲ ತಪ್ಪದೆ ಬರುವವರೆಗೆ ಕಾಯುವುದು ಚೊಚ್ಚಲ ಹೆರಿಗೆಗೆ ಬಹಳ ಕಡೆ ಹೇಳುವ ಲೆಕ್ಕ.

ನೀವು ಕೇಳದೆ ಇದ್ದರೂ ಒಂದು ಮಾತು. ಮೊದಲ ಹೆರಿಗೆಯ ನಂತರ ಮಗು ನನ್ನ ಎದೆಗೆ ಬಂದದ್ದು ಬಹಳ ತಡವಾಗಿ, ಅದೂ ತೂಕಡಿಸುತ್ತ. ಹಾಲೇ ಇಲ್ಲವೆಂದು ನಾನು ಅತ್ತೆ. ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಬೇಕಾಗುವುದೇ ಕೆಲವು ಮಿಲಿಲೀಟರು ಗಿಣ್ಣುಹಾಲು. ಹಾಲು ತುಂಬಿಕೊಳ್ಳುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ. ಅಲ್ಲಿಯವರೆಗೆ ತೂಕ ಸ್ವಲ್ಪ ಇಳಿಯುವುದು ಸಹಜ. ಇಳಿತ ಹುಟ್ಟುತೂಕದ ನೂರಕ್ಕೆ 10 ಭಾಗದಷ್ಟಾದರೆ, ಅಥವಾ ಮಗು ಹಾಲಿಗೂ ಏಳದಷ್ಟು ಮಂಕಾಗಿದ್ದರೆ, ಆಗ ವೈದ್ಯರಿಗೆ ತೋರಿಸಲೇಬೇಕು. ಇಲ್ಲವಾದರೆ ದಿನಕ್ಕೆ 8ರಿಂದ 12 ಸಲ ಎದೆಗೆ ಹಚ್ಚುತ್ತ ಹೋಗಿ. ಎರಡನೆಯ ಮಗುವನ್ನು ಒರೆಸಿ ನೇರವಾಗಿ ನನ್ನ ಬರಿಮೈಯ ಮೇಲೆ ಮಲಗಿಸಿದರು, ಹೊಕ್ಕುಳಬಳ್ಳಿಯನ್ನು ಒಂದು ನಿಮಿಷಕ್ಕೂ ಮಿಕ್ಕಿ ಬಿಟ್ಟು ಕತ್ತರಿಸಿದರು, ಮಗು ಮೊದಲ ಗಂಟೆಯೊಳಗೆ ತಾನೇ ಎದೆಯನ್ನು ಹುಡುಕಿಕೊಂಡು ಬಂತು.

ಇದೆಲ್ಲ ನಿಮ್ಮ ಆಸ್ಪತ್ರೆಯಲ್ಲಿ ಸಾಧ್ಯವೇ ಎಂಬುದನ್ನು ಮುಂದಿನ ತಪಾಸಣೆಯ ದಿನ ಕೇಳಿ. ಗರ್ಭಕಂಠ 5 ಸೆಂ.ಮೀ. ತೆರೆಯುವ ಮೊದಲು ಬಂದರೆ ಮನೆಗೆ ಕಳುಹಿಸುತ್ತಾರೆಯೇ, ಜೊತೆಗೊಬ್ಬರನ್ನು ಒಳಗೆ ಬಿಡುತ್ತಾರೆಯೇ, ಓಡಾಡಲು ಮತ್ತು ಕುಳಿತು ಹೆರಲು ಅವಕಾಶವಿದೆಯೇ, ಎದೆಬಡಿತವನ್ನು ಪಟ್ಟಿ ಕಟ್ಟದೆ ಆಗಾಗ ಕೈಯಲ್ಲಿ ಹಿಡಿಯುವ ಡಾಪ್ಲರ್‌ನಿಂದ ನೋಡುತ್ತಾರೆಯೇ ಎಂದು ನೇರವಾಗಿ ಕೇಳಿ. ಜೊತೆಗಿರುವವರನ್ನೂ ಅಂದು ಕರೆದುಕೊಂಡು ಹೋಗಿ, ಉತ್ತರಗಳನ್ನು ಅವರೂ ಕೇಳಿಸಿಕೊಳ್ಳಲಿ. ನೋವು ಬಲವಾದ ಮೇಲೆ ನಿಮ್ಮ ಪರವಾಗಿ ಮಾತನಾಡಬೇಕಾದವರು ಅವರು.